ಮೂರು ಕೋವಿಗೆ ಒಂದೇ ಡಬ್ಬಿ: ನಾನು ಹಾಕಿ ನೋಡಿದ ನಾಲ್ಕು ಸಪ್ರೆಸರ್‌ಗಳು

ಸೈಲೆನ್ಸರ್ ಅಂದರೆ ನಮ್ಮ ಕಡೆ ಬೈಕಿನ ಹಿಂದಿನ ಕೊಳವೆ. ಟೆಕ್ಸಸ್‌ನಲ್ಲಿ ಅಂದರೆ ಕೋವಿಯ ಮೂತಿಗೆ ಸಿಕ್ಕಿಸಿ ಸದ್ದು ತಗ್ಗಿಸುವ ಕೊಳವೆ, ಸಪ್ರೆಸರ್ ಅಂದರೂ ಅದೇ. ನಗಬೇಡಿ, ಎರಡೂ ಒಂದೇ ಮನೆಯ ಮಕ್ಕಳು. 1909ರಲ್ಲಿ ಕೋವಿಯ ಸೈಲೆನ್ಸರ್‌ಗೆ ಪೇಟೆಂಟ್ ಪಡೆದ ಹೈರಮ್ ಪರ್ಸಿ ಮ್ಯಾಕ್ಸಿಮ್, ಅದೇ ಉಪಾಯವನ್ನು ಎಂಜಿನ್ನುಗಳ ಸದ್ದು ತಗ್ಗಿಸಲೂ ಬಳಸಿದ. ಇವನ ಅಪ್ಪನೇ ಮ್ಯಾಕ್ಸಿಮ್ ಮಷಿನ್ ಗನ್ ಮಾಡಿದವನು. ಅಪ್ಪ ಸದ್ದು ಮಾಡಿದ, ಮಗ ಸದ್ದು ಅಡಗಿಸಿದ.

ನಾನು ವಿರಾಜಪೇಟೆ ಕಡೆಯವನು. ಮನೆಯಲ್ಲಿ ಕೋವಿ ಇರುವುದು, ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ ಮಾಡುವುದು, ತೆಂಗಿನಕಾಯಿಗೆ ಗುರಿ ಇಡುವುದು, ಇದೆಲ್ಲ ನಮಗೆ ಹೊಸದಲ್ಲ. ಅಜ್ಜನ ಬಲಗಿವಿ ಕೇಳದಿದ್ದದ್ದೂ ಹೊಸದಲ್ಲ. ವಯಸ್ಸಾಯಿತು, ಅದಕ್ಕೇ ಅಂತ ಎಲ್ಲರೂ ಅಂದುಕೊಂಡಿದ್ದೆವು. ಟೆಕ್ಸಸ್‌ಗೆ ಬಂದು ಗ್ರೀನ್ ಕಾರ್ಡ್ ಸಿಕ್ಕಿ, ಕೋವಿ ಕೊಂಡು, ಒಂದು ಸಂಜೆ ಕಿವಿಗೆ ಏನೂ ಹಾಕದೆ ಒಂದೇ ಒಂದು ಹಂದಿಗೆ ಹೊಡೆದೆ. ಎರಡು ದಿನ ಕಿವಿಯಲ್ಲಿ ಜೀರುಂಡೆ ಕೂಗುತ್ತಿತ್ತು. ಅಜ್ಜನ ಕಿವಿಗೆ ಏನಾಗಿತ್ತು ಅಂತ ಅವತ್ತು ಗೊತ್ತಾಯಿತು.

ನನ್ನ ಹತ್ತಿರ ಮೂರು ಇವೆ. ಜಿಂಕೆಗೆ .308 ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಕೈಯಲ್ಲಿ ಬೋಲ್ಟ್ ಎಳೆಯುವ ಕೋವಿ), ಹಂದಿಗೆ 16 ಇಂಚು ಬ್ಯಾರಲ್‌ನ 5.56 ಎಆರ್ (ಮುಂದಿನ ಗುಂಡನ್ನು ತಾನೇ ತುಂಬಿಕೊಳ್ಳುವ ಕೋವಿ), ಮಗಳಿಗೆ ಗುರಿ ಕಲಿಸಲು ಒಂದು .22. ಈ ಅಂಕಿಗಳು ಗುಂಡಿನ ಅಳತೆ: .308, .22 ಇಂಚಿನ ಲೆಕ್ಕ, 5.56 ಮಿಲಿಮೀಟರಿನದು. ಮೂರಕ್ಕೂ ಒಂದೇ ಸಪ್ರೆಸರ್ ಸಾಕಾ? ಇದೇ ನನ್ನ ಪ್ರಶ್ನೆಯಾಗಿತ್ತು.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. ಅಮೆರಿಕದ 50 ರಾಜ್ಯಗಳಲ್ಲಿ 42ರಲ್ಲಿ ಜನ ಇದನ್ನು ಇಟ್ಟುಕೊಳ್ಳಬಹುದು. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯಲ್ಲಿರುವ ನಮ್ಮವರಿಗೆ ಆ ಭಾಗ್ಯ ಇಲ್ಲ. ಟೆಕ್ಸಸ್‌ನಲ್ಲಿ ಬೇಟೆಗೂ ಬಳಸಬಹುದು, 2012ರಿಂದ. ಕೊಳವೆಯೇ ಒಂದು ಬಂದೂಕು ಅಂತ ಲೆಕ್ಕ. ಅದಕ್ಕೆ ಅದರದೇ ನಂಬರು. ಬೆರಳಚ್ಚು, ಫೋಟೋ, ಹಿನ್ನೆಲೆ ತಪಾಸಣೆ, ಫಾರಂ 4 ಅನ್ನುವ ಸರ್ಕಾರಿ ಅರ್ಜಿ, ಎಲ್ಲ ಆಗಬೇಕು. 1934ರ ಕಾಯ್ದೆ 200 ಡಾಲರ್ ತೆರಿಗೆ ಹಾಕಿತ್ತು. ಆ ಕಾಲಕ್ಕೆ ಅದು ತಲೆತಿರುಗುವ ಮೊತ್ತ. 2026ರ ಜನವರಿ 1ರಿಂದ ಆ ತೆರಿಗೆ ಸೊನ್ನೆ ಆಗಿದೆ, ಕಾಗದಪತ್ರ ಮಾತ್ರ ಹಾಗೇ ಇದೆ. ನಾನು 200 ಕಟ್ಟಿದವರ ಪೈಕಿ. ಕಾದು ಕುಳಿತಿದ್ದ ಗೆಳೆಯ ಸಿಕ್ಕಾಗೆಲ್ಲ ಅದನ್ನು ನೆನಪಿಸುತ್ತಾನೆ.

ಇನ್ನೊಂದು ಭ್ರಮೆ ಬಿಡಬೇಕು. ಸಿನಿಮಾದಲ್ಲಿ ಕೇಳಿಸುವ 'ಫುಸ್' ಅನ್ನುವುದು ಸುಳ್ಳು. ಬರಿ .308 ಸುಮಾರು 165 ಡೆಸಿಬಲ್ ಮೇಲೆ ಸಿಡಿಯುತ್ತದೆ. ಒಳ್ಳೆ ಡಬ್ಬಿ ಅದನ್ನು 135ರಿಂದ 140ರ ಆಸುಪಾಸಿಗೆ ಇಳಿಸುತ್ತದೆ. ಕಿವಿಗೆ ಒಂದು ಏಟಿನ ಮಿತಿ ಅಂತ ಸಾಮಾನ್ಯವಾಗಿ ಹೇಳುವುದೇ 140. ಅಂದರೆ ಅಪಾಯದ ಗೆರೆಯ ಮೇಲಿದ್ದದ್ದು ಗೆರೆಯ ಹತ್ತಿರಕ್ಕೆ ಬರುತ್ತದೆ, ಅಷ್ಟೇ. ಡಬ್ಬಿಯೊಳಗಿನ ಬಟ್ಟಲಿನಂಥ ತಡೆಗಳು ಬಿಸಿ ಗಾಳಿಯನ್ನು ತಡೆದು, ಸುತ್ತಿಸಿ, ನಿಧಾನ ಮಾಡುತ್ತವೆ. ಗುಂಡು ಶಬ್ದಕ್ಕಿಂತ ವೇಗವಾಗಿ ಹೋಗುವಾಗ ಗಾಳಿಯಲ್ಲಿ ಎಬ್ಬಿಸುವ 'ಟಪ್' ಸದ್ದನ್ನು ಯಾವ ಡಬ್ಬಿಯೂ ನಿಲ್ಲಿಸಲಾರದು. ನಾನು ಈಗಲೂ ರೇಂಜಿನಲ್ಲಿ, ಅಂದರೆ ಗುರಿ ಅಭ್ಯಾಸದ ಜಾಗದಲ್ಲಿ, ಕಿವಿಗೆ ಹಾಕಿಕೊಂಡೇ ಹೊಡೆಯುತ್ತೇನೆ.

ಇಲ್ಲಿಯವರು ಇದಕ್ಕೆ ಕ್ಯಾನ್ ಅನ್ನುತ್ತಾರೆ. ನನಗೆ ಡಬ್ಬಿ. ಕೊಳ್ಳುವ ಮುಂಚೆ ನಾಲ್ಕನ್ನು ಹಾಕಿ ನೋಡಿದೆ. ಎರಡು ಗೆಳೆಯರವು, ಎರಡು ರೇಂಜಿನಲ್ಲಿ ಪರೀಕ್ಷೆಗೆ ಇಟ್ಟಿದ್ದವು. ಗೆಳೆಯರದು ಅಂತ ಮನೆಗೆ ತರುವ ಹಾಗಿಲ್ಲ, ಯಾರ ಹೆಸರಿನಲ್ಲಿದೆಯೋ ಅವರು ಪಕ್ಕದಲ್ಲೇ ನಿಂತಿರಬೇಕು. ನಾಲ್ಕೂ .30 ಕ್ಯಾಲಿಬರಿನವು, ಅಂದರೆ .308ರ ಗುಂಡು ದಾಟುವಷ್ಟು ತೂತು ಇರುವಂಥವು. .30ರ ಡಬ್ಬಿಯಲ್ಲಿ 5.56 ಸಲೀಸಾಗಿ ಹೋಗುತ್ತದೆ, ಸದ್ದು ಒಂದೆರಡು ಡೆಸಿಬಲ್ ಜಾಸ್ತಿ ಅಷ್ಟೇ. ಉಲ್ಟಾ ಮಾಡಿದರೆ, ಅಂದರೆ 5.56ರ ಡಬ್ಬಿಯಲ್ಲಿ .308 ಹೊಡೆದರೆ, ಡಬ್ಬಿಯೂ ಇಲ್ಲ, ಬಹುಶಃ ಬೆರಳೂ ಇಲ್ಲ.

ಮೊದಲನೆಯದು ಥಂಡರ್ ಬೀಸ್ಟ್ ಅಲ್ಟ್ರಾ 9. ಟೈಟಾನಿಯಂ, 9 ಇಂಚು ಉದ್ದ, ತೂಕ 400 ಗ್ರಾಂಗೂ ಕಡಿಮೆ. ನನ್ನ .308ರ ಮೇಲೆ ಇದರಷ್ಟು ಹಿತವಾಗಿ ಯಾವುದೂ ಕೇಳಿಸಲಿಲ್ಲ. ಸದ್ದು ಮೊಂಡಾಗಿ, ದೂರದಲ್ಲಿ ಬಾಗಿಲು ಹಾಕಿದ ಹಾಗೆ. ಹೆಗಲಿಗೆ ಬೀಳುವ ಏಟೂ ಅರ್ಧ ಆದಂತೆ ಅನಿಸಿತು. ಜಿಂಕೆ ಬೇಟೆಗೆ ಮಾತ್ರ ಕೊಳ್ಳುವುದಾಗಿದ್ದರೆ ನಾನು ಅಲ್ಲೇ ಕೈ ಚಾಚುತ್ತಿದ್ದೆ. ಆದರೆ ಎಆರ್‌ಗೆ ಹಾಕಿ ಹಿಡಿದಾಗ ಕೋವಿ ಒನಕೆ ಆಯಿತು. ಟೈಟಾನಿಯಂ ಅನ್ನುವ ಲೋಹಕ್ಕೂ ಒಂದು ಗುಣ ಇದೆ. ಚಿಕ್ಕ ಬ್ಯಾರಲ್‌ನಿಂದ ಒಂದರ ಹಿಂದೆ ಒಂದು ಬೇಗ ಬೇಗ ಹೊಡೆದು ಕಾಯಿಸಿದರೆ ಅದು ಕಿಡಿ ಹಾರಿಸುತ್ತದೆ, ನಿಧಾನಕ್ಕೆ ಸವೆಯುತ್ತದೆ. ಯಾವ ಕಂಪನಿಯದಾದರೂ ಅಷ್ಟೇ. ರಾತ್ರಿ ಹಂದಿ ಗುಂಪು ಓಡುವಾಗ ನಿಧಾನವಾಗಿ ಹೊಡೆ ಅಂತ ನನಗೆ ನಾನೇ ಹೇಳಿಕೊಳ್ಳಲು ಆಗುವುದಿಲ್ಲ.

ಎರಡನೆಯದು ಡೆಡ್ ಏರ್ ಸ್ಯಾಂಡ್‌ಮ್ಯಾನ್-ಎಸ್. ಸುಮಾರು 7 ಇಂಚು, ತೂಕ ಅರ್ಧ ಕಿಲೋ. ಒಳಗಿನ ತಡೆಗಳು ಸ್ಟೆಲೈಟ್ ಅನ್ನುವ ಕೋಬಾಲ್ಟ್ ಮಿಶ್ರಲೋಹದವು. ರುಬ್ಬುವ ಕಲ್ಲಿನ ಹಾಗೆ ಗಟ್ಟಿ. ಮೂತಿಗೆ ಸಿಕ್ಕಿಸಿ ತಿರುಗಿಸಿದರೆ ಕಟಕಟ ಅಂತ ಹಲ್ಲು ಕಚ್ಚಿ ನಿಲ್ಲುತ್ತದೆ, ಆ ಸದ್ದೇ ಧೈರ್ಯ ಕೊಡುತ್ತದೆ. ಎಆರ್‌ನಲ್ಲಿ ಮೂರು ಮ್ಯಾಗಜೀನ್ ಗುಂಡು ಖಾಲಿ ಮಾಡಿದೆ, ಅದಕ್ಕೆ ಏನೂ ಅನಿಸಲಿಲ್ಲ. ನನ್ನ ತೋಳಿಗೆ ಅನಿಸಿತು. ಅರ್ಧ ಕಿಲೋ ಅಂದರೆ ಏನು ಮಹಾ ಅಂತೀರಾ? ಅದು ಕೈಯಿಂದ ಎರಡಡಿ ಮುಂದೆ ನೇತಾಡುವ ಅರ್ಧ ಕಿಲೋ. ಜಿಂಕೆ ಕಾಯುತ್ತಾ ಹದಿನೈದು ನಿಮಿಷ ಕೋವಿ ಎತ್ತಿ ಹಿಡಿದು ನೋಡಿ, ಆಮೇಲೆ ಮಾತಾಡೋಣ.

ಮೂರನೆಯದು ಹಕ್ಸ್‌ವರ್ಕ್ಸ್ ಫ್ಲೋ 762 ಟೈಟಾನಿಯಂ. ಇದು 3ಡಿ ಪ್ರಿಂಟ್ ಮಾಡಿದ ಡಬ್ಬಿ. ಉಳಿದ ಡಬ್ಬಿಗಳು ಗಾಳಿಯನ್ನು ಕೂಡಿಹಾಕಿದರೆ ಇದು ಸುತ್ತು ದಾರಿಯಲ್ಲಿ ಮುಂದಕ್ಕೇ ಕಳಿಸುತ್ತದೆ. ಎಆರ್ ಇಟ್ಟುಕೊಂಡವರಿಗೆ ಇದು ದೊಡ್ಡ ವಿಷಯ. ಸಾಮಾನ್ಯ ಡಬ್ಬಿ ಹಾಕಿದಾಗ ಗಾಳಿ ಬ್ಯಾರಲ್ ಒಳಗೇ ವಾಪಸ್ ಬಂದು ಮುಖಕ್ಕೆ ಹೊಡೆಯುತ್ತದೆ. ಕಣ್ಣು ಉರಿ, ಬಾಯಲ್ಲೆಲ್ಲ ಮಸಿಯ ರುಚಿ, ಕೋವಿಯೊಳಗೆ ಒಲೆಯ ಕಿಟ್ಟ. ಇದನ್ನು ಹಾಕಿ ಹೊಡೆದಾಗ ಅದ್ಯಾವುದೂ ಇಲ್ಲ, ಡಬ್ಬಿಯೇ ಇಲ್ಲದಂತೆ ಎಆರ್ ನಡೆಯಿತು. ಬೋಲ್ಟ್ ಆಕ್ಷನ್‌ನಲ್ಲಿ ಆ ಲಾಭವೇ ಸಿಗುವುದಿಲ್ಲ, ಯಾಕೆಂದರೆ ಗುಂಡು ಹೋದ ಮೇಲೂ ಬೋಲ್ಟ್ ಮುಚ್ಚಿಯೇ ಇರುತ್ತದೆ, ಗಾಳಿ ಹಿಂದಕ್ಕೆ ಬರಲು ದಾರಿ ಇಲ್ಲ. .308ರ ಮೇಲೆ ನನ್ನ ಕಿವಿಗೆ ಅಲ್ಟ್ರಾ 9ರ ಮೊಂಡು ಸದ್ದೇ ಹೆಚ್ಚು ಹಿಡಿಸಿತು. ಇದರ ಥ್ರೆಡ್ ಎಡಕ್ಕೆ ತಿರುಗುವಂಥದ್ದು. ಮೊದಲ ಸಲ ಬಿಚ್ಚಲು ಹೋಗಿ ಇನ್ನೂ ಬಿಗಿ ಮಾಡಿದೆ, ಗೆಳೆಯ ನೋಡಿ ನಕ್ಕ.

ನಾಲ್ಕನೆಯದು ಡೆಡ್ ಏರ್ ನೋಮ್ಯಾಡ್-30. ಸ್ಟೇನ್‌ಲೆಸ್ ಸ್ಟೀಲ್, 6.5 ಇಂಚು, ಸುಮಾರು 410 ಗ್ರಾಂ, ಮೌಂಟ್ (ಡಬ್ಬಿಯನ್ನು ಮೂತಿಗೆ ಜೋಡಿಸುವ ಭಾಗ) ಬಿಟ್ಟು. ಗಿಡ್ಡ, ದಪ್ಪ. ನೋಡಲು ಫಿಲ್ಟರ್ ಕಾಫಿಯ ಡಬರಿ ಇಲ್ಲದ ಲೋಟ. ಯಾವುದರಲ್ಲೂ ಮೊದಲ ರ‍್ಯಾಂಕ್ ಅಲ್ಲ. ಅಲ್ಟ್ರಾ 9ರಷ್ಟು ಹಗುರ ಅಲ್ಲ, ಫ್ಲೋನಷ್ಟು ಗಾಳಿ ಮುಂದಕ್ಕೆ ಬಿಡುವುದಿಲ್ಲ. ಆದರೆ .308ರ ಮೇಲೆ ಹಿತವಾಗಿತ್ತು, ಎಆರ್ ಮೇಲೆ ಉದ್ದ ಅನಿಸಲಿಲ್ಲ. ಅವತ್ತು ನಾನು ಇದನ್ನು ಬದಿಗಿಟ್ಟು ಮನೆಗೆ ಬಂದಿದ್ದೆ. ಮೌಂಟ್ ಬಗ್ಗೆ ಕೂತು ಲೆಕ್ಕ ಹಾಕಿದ ಮೇಲೆ ವಾಪಸ್ ಹೋದೆ.

ಈ ಮೌಂಟ್ ವಿಷಯವನ್ನು ಅಂಗಡಿಯಲ್ಲಿ ಯಾರೂ ಮೊದಲು ಹೇಳುವುದಿಲ್ಲ. ಎಲ್ಲರೂ ಡೆಸಿಬಲ್ ಪಟ್ಟಿ ತೋರಿಸುತ್ತಾರೆ. ಒಂದೇ ಕೋವಿ ಇದ್ದವರಿಗೆ ಅದು ಸರಿ. ಹಲವು ಕೋವಿ ಇದ್ದವರು ಮೊದಲು ನೋಡಬೇಕಾದ್ದು ಡಬ್ಬಿಯ ಹಿಂಬದಿ. 5.56ರ ಮೂತಿಯಲ್ಲಿ ಸಾಮಾನ್ಯವಾಗಿ 1/2-28 ಥ್ರೆಡ್ (ಅರ್ಧ ಇಂಚು ವ್ಯಾಸ, ಇಂಚಿಗೆ 28 ಸುತ್ತು), .308ರಲ್ಲಿ 5/8-24. ಒಂದಕ್ಕೆ ಹೊಂದುವುದು ಇನ್ನೊಂದಕ್ಕೆ ಹೊಂದುವುದಿಲ್ಲ. ನೇರವಾಗಿ ತಿರುಗಿಸಿ ಹಾಕುವ ಡಬ್ಬಿ ಹಗುರ, ಅಗ್ಗ. ಆದರೆ ಹೊಡೆಯುತ್ತಾ ಹೊಡೆಯುತ್ತಾ ಸಡಿಲ ಆಗುತ್ತದೆ. ಒಮ್ಮೆ ಇಪ್ಪತ್ತು ಗುಂಡಿನ ನಂತರ ಸುಮ್ನೆ ಕೈ ಇಟ್ಟು ನೋಡಿದರೆ ಅರ್ಧ ಸುತ್ತು ಬಿಟ್ಟಿತ್ತು. ಇನ್ನೊಂದು ಸ್ವಲ್ಪ ಬಿಟ್ಟು ಓರೆಯಾಗಿದ್ದರೆ ಗುಂಡು ಒಳಗಿನ ತಡೆಗೇ ಬಡಿಯುತ್ತಿತ್ತು. ಆಮೇಲೆ ಐದೈದು ಗುಂಡಿಗೊಮ್ಮೆ ಮುಟ್ಟಿ ನೋಡುವುದು ಅಭ್ಯಾಸ ಆಯಿತು, ಕೈಗವಸು ಹಾಕಿಕೊಂಡು. ಬರಿಗೈಯಲ್ಲಿ ಮುಟ್ಟಿದ ಗುರುತು ಹೆಬ್ಬೆರಳಿನಲ್ಲಿ ಇನ್ನೂ ಇದೆ.

ಥಟ್ಟನೆ ಹಾಕಿ ತೆಗೆಯುವ ಕ್ವಿಕ್ ಡಿಟ್ಯಾಚ್ ಮೌಂಟ್ ಆದರೆ ಪ್ರತಿ ಕೋವಿಯ ಮೂತಿಗೂ ಒಂದೊಂದು ಬ್ರೇಕ್ (ಹೆಗಲಿನ ಏಟು ತಗ್ಗಿಸುವ ತುಂಡು) ಅಥವಾ ಫ್ಲ್ಯಾಶ್ ಹೈಡರ್ (ಬೆಂಕಿಯ ಮಿಂಚು ತಗ್ಗಿಸುವ ತುಂಡು) ಕಾಯಂ ಹಾಕಿಡಬೇಕು, ಒಂದಕ್ಕೆ ನೂರು ಡಾಲರ್ ಆಸುಪಾಸು. ಒಂದು ಕಂಪನಿಯ ಮೌಂಟ್‌ಗೆ ಕಟ್ಟುಬಿದ್ದರೆ ನಾಳೆ ಕೊಳ್ಳುವ ಡಬ್ಬಿಯೂ ಅದೇ ಆಗಬೇಕು. ಇಲ್ಲಿ ನೋಮ್ಯಾಡ್ ಗೆದ್ದಿತು. ಅದರ ಹಿಂಬದಿಯಲ್ಲಿ ಇರುವುದು 1.375-24 ಥ್ರೆಡ್, ಹಬ್ ಅಂತ ಕರೆಯುತ್ತಾರೆ. ಈಗ ಹತ್ತಾರು ಕಂಪನಿಗಳು ಅದೇ ಅಳತೆಗೆ ಮೌಂಟ್ ಮಾಡುತ್ತವೆ. ಮೌಂಟ್ ಇಷ್ಟವಾಗದಿದ್ದರೆ ಬಿಚ್ಚಿ ಬೇರೆ ಹಾಕು, ಡಬ್ಬಿ ಅದೇ. ಮೌಂಟ್ ಬದಲಿಸಲು ಫಾರಂ 4 ಬೇಡ, ಬೆರಳಚ್ಚೂ ಬೇಡ.

ನಡುವೆ ಒಂದು ಅನಾಹುತ ತಪ್ಪಿತು. ನನ್ನ .308 ಸೆಕೆಂಡ್ ಹ್ಯಾಂಡ್. ಮೂತಿಗೆ ಥ್ರೆಡ್ ಕೊರೆಸಿದ್ದು ಹಿಂದಿನ ಯಜಮಾನ. ಡಬ್ಬಿ ಹಾಕಿ, ಬ್ಯಾರಲ್ ಒಳಗೆ ಅಳತೆಯ ಸಲಾಕೆ ತೂರಿಸಿ ನೋಡಿದರೆ ಡಬ್ಬಿಯ ಬಾಯಲ್ಲಿ ಅದು ನಟ್ಟನಡುವೆ ಇಲ್ಲ, ಒಂದು ಬದಿಗೆ ಅಂಟಿಕೊಂಡಿದೆ! ಥ್ರೆಡ್ ಬ್ಯಾರಲ್‌ನ ತೂತಿಗೆ ನೇರ ಇರಲಿಲ್ಲ. ಬೇರೆ ಕಡೆ ಕತ್ತರಿಸಿ ಹೊಸದಾಗಿ ಕೊರೆಸಿದೆ. ಕೆಲವೇ ಡಾಲರಿನ ಆ ಸಲಾಕೆ ಇಲ್ಲದಿದ್ದರೆ ಮೊದಲ ಗುಂಡಿಗೇ ಡಬ್ಬಿ ಹೋಗುತ್ತಿತ್ತು. ಡಬ್ಬಿ ಕೊಳ್ಳುವ ಮುಂಚೆ ಸಲಾಕೆ ಕೊಳ್ಳಿ.

ಗುರಿಯೂ ಸರಿಯುತ್ತದೆ. ಡಬ್ಬಿ ಹಾಕಿದಾಗ ನನ್ನ .308 ನೂರು ಗಜದಲ್ಲಿ ಒಂದೂವರೆ ಇಂಚು ಕೆಳಗೆ ಹೊಡೆಯುತ್ತದೆ. ಪ್ರತಿ ಸಲ ಅಷ್ಟೇ ಕೆಳಗೆ, ಹಾಗಾಗಿ ತಲೆನೋವಿಲ್ಲ. ಹಾಕಿಯೇ ಗುರಿ ಹೊಂದಿಸಿಕೊಂಡು ಹಾಕಿಯೇ ಹೊಡೆಯುತ್ತೇನೆ.

ಇನ್ನು .22. ಅಲ್ಲಿ ನನ್ನ ಲೆಕ್ಕ ತಪ್ಪಿತು. ಸದ್ದಿನ ಲೆಕ್ಕದಲ್ಲಿ .308, 5.56ರಂಥ ಗುಂಡಿಗೆ ಮಾಡಿದ ಸೆಂಟರ್‌ಫೈರ್ ಡಬ್ಬಿ .22ಕ್ಕೂ ನಡೆಯುತ್ತದೆ. ಆದರೆ .22ರ ಗುಂಡು ಮೆತ್ತನೆಯ ಸೀಸ. ಸೀಸದ ಪುಡಿ, ಮೇಣ, ಮಸಿ ಎಲ್ಲ ಸೇರಿ ಡಬ್ಬಿಯೊಳಗೆ ಕಟ್ಟಿಕೊಳ್ಳುತ್ತದೆ. .22ಕ್ಕೆ ಅಂತಲೇ ಮಾಡಿದ ಡಬ್ಬಿಗಳನ್ನು ಬಿಚ್ಚಿ ತೊಳೆಯಬಹುದು. ಬೆಸುಗೆ ಹಾಕಿದ ದೊಡ್ಡ ಡಬ್ಬಿಯನ್ನು ಬಿಚ್ಚಲು ಬರುವುದಿಲ್ಲ, ತುಂಬುತ್ತಾ ತೂಕ ಏರುತ್ತದೆ. ಮೂರು ಕೋವಿಗೆ ಒಂದೇ ಡಬ್ಬಿ ಅನ್ನುವ ಆಸೆ ಎರಡು ಕೋವಿಗೆ ಇಳಿಯಿತು. .22ಕ್ಕೆ ಬೇರೆ ಅರ್ಜಿ ಹಾಕಿದ್ದೇನೆ. ಈ ಸಲ ತೆರಿಗೆ ಸೊನ್ನೆ, ಗೆಳೆಯನ ಬಾಯಿ ಸ್ವಲ್ಪ ಮುಚ್ಚಿದೆ.

ನೋಮ್ಯಾಡ್ ಹಾಕಿ ಹೊಡೆದ ವಿಡಿಯೋವನ್ನು ಊರಿಗೆ ಕಳಿಸಿದೆ. ನಮ್ಮಲ್ಲಿ ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು ಗುಂಡು ಹಾರಿಸುವ ವಾಡಿಕೆ. ಗುಡ್ಡದಾಚೆಯ ಮನೆಗೂ ಸುದ್ದಿ ಮುಟ್ಟುತ್ತದೆ. ಅಪ್ಪ ವಿಡಿಯೋ ಎರಡು ಸಲ ನೋಡಿ ಫೋನ್ ಮಾಡಿದರು. "ಚೆನ್ನಾಗಿದೆ ಕಣೋ. ಆದ್ರೆ ಇದನ್ನ ಇಲ್ಲಿಗೆ ತಂದ್ರೆ ಮಗು ಹುಟ್ಟಿದ್ದು ಯಾರಿಗೆ ಗೊತ್ತಾಗ್ಬೇಕು?"