ವ್ಯಾಸಪೀಠದ ಮುಂದೆ ಒಂದು ಧನುರ್ಮಾಸ

ಕೋಲಾರದ ನಮ್ಮ ಮನೆಗೆ, ಪುಸ್ತಕ ತೆರೆದಿಟ್ಟು ಓದಲು ಬಳಸುವ ಈ ಮಡಿಸುವ ಮರದ ವ್ಯಾಸಪೀಠ ಬಂದು ಏಳು ತಿಂಗಳಾಯಿತು. ಮೊದಲ ಐದು ತಿಂಗಳು ಅದು ದೇವರ ಮನೆಯ ಗೋಡೆಗೆ ಒರಗಿಕೊಂಡೇ ಇತ್ತು. ಧನುರ್ಮಾಸ ಪೂರ್ತಿ, ಒಂದು ಸಂಜೆಯೂ ತಪ್ಪದಂತೆ ಅದರ ಮುಂದೆ ಕುಳಿತು ಓದಿದ ಮೇಲೆ ಈಗ ಅದರ ಗುಣದೋಷಗಳನ್ನು ಹೇಳುವಷ್ಟು ಪರಿಚಯ ನನಗಾಗಿದೆ.

ತರಿಸಿದ್ದು ಕುತ್ತಿಗೆ ನೋವಿನ ಕಾರಣಕ್ಕೆ. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ತಲೆ ಬಗ್ಗಿಸಿ ಓದಬೇಡಿ ಎಂದು ವೈದ್ಯರು ಹೇಳಿದ್ದರು. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ನನಗೆ ಓದು ಬಿಟ್ಟು ಕಾಲ ಕಳೆಯುವ ಬೇರೆ ದಾರಿ ಗೊತ್ತಿಲ್ಲ. ಆನ್‌ಲೈನ್‌ನಲ್ಲಿ ನೋಡಿ, ಸಾಗಣೆಯೂ ಸೇರಿ 840 ರೂಪಾಯಿ ಕೊಟ್ಟು ತರಿಸಿಕೊಂಡೆ. ಪಿಂಚಣಿಯ ಲೆಕ್ಕದಲ್ಲಿ ಅದು ನನಗೆ ಎರಡು ಒಳ್ಳೆಯ ಪುಸ್ತಕಗಳ ಬೆಲೆ. ತೇಗದ ಮರ ಎಂದು ಬರೆದಿದ್ದರು. ನಮ್ಮ ಬೀದಿಯ ಬಡಗಿ ಉಗುರಿನಿಂದ ಗೀರಿ, ಮೂಸಿ ನೋಡಿ, "ಇದು ಅಕೇಶಿಯಾ ಮೇಡಂ" ಎಂದರು. ಅಕೇಶಿಯಾ ಕೆಟ್ಟ ಮರವೆಂದಲ್ಲ. ಆದರೆ ತೇಗವೆಂದು ಹೇಳಿ ಅದನ್ನು ಕೊಟ್ಟದ್ದು ತಪ್ಪು. ಮಾರಿದವರಿಗೆ ಎರಡು ಬಾರಿ ಬರೆದೆ, ಉತ್ತರ ಬರಲಿಲ್ಲ.

ಅದೇ ಬಡಗಿ ಅದರ ಕೀಲನ್ನು ಮಾತ್ರ ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ವ್ಯಾಸಪೀಠವನ್ನು ಎರಡು ಹಲಗೆ ಸೇರಿಸಿ ಮಾಡುವುದಿಲ್ಲ. ಒಂದೇ ಹಲಗೆಯನ್ನು ನಡುವೆ ಉಳಿಯಿಂದ ಬಿಡಿಸುತ್ತಾ, ಒಂದರೊಳಗೊಂದು ಹೆಣೆದ ಬೆರಳುಗಳ ಹಾಗೆ ಕೀಲನ್ನು ಕೊರೆದು, ಮೊಳೆಯಾಗಲಿ ಅಂಟಾಗಲಿ ಇಲ್ಲದೆ ಬಿಚ್ಚಿ ಮಡಿಸುವಂತೆ ಮಾಡುತ್ತಾರೆ. ನೀವು ಮಾಡಿಕೊಡುವಿರಾ ಎಂದು ಕೇಳಿದ್ದಕ್ಕೆ, ಈ ಕೆಲಸಕ್ಕೆ ಎರಡು ದಿನ ಬೇಕು, ಆ ಕೂಲಿಯನ್ನು ಯಾರೂ ಕೊಡುವುದಿಲ್ಲ ಎಂದರು. ಆ ಮಾತು ಕೇಳಿದ ಮೇಲೆ ಬೆಲೆಯ ಬಗ್ಗೆ ನನ್ನ ಅಸಮಾಧಾನ ಸ್ವಲ್ಪ ಇಳಿಯಿತು.

ಆದರೆ ಕುತ್ತಿಗೆ ನೋವು ಇಳಿಯಲಿಲ್ಲ. ನೆಲದ ಮೇಲಿಟ್ಟರೆ ಪುಸ್ತಕ ಮೊಣಕಾಲಿಗಿಂತ ತಗ್ಗಿನಲ್ಲಿರುತ್ತದೆ, ತಲೆ ಮೊದಲಿಗಿಂತ ಹೆಚ್ಚು ಬಗ್ಗುತ್ತದೆ. ಮೇಜಿನ ಮೇಲಿಟ್ಟರೆ ಹಲಗೆಗಳು ತೀರ ನೆಟ್ಟಗೆ ನಿಂತ ಹಾಗಾಗಿ ಬೆಳಕು ಪುಟದ ಮೇಲೆ ಸರಿಯಾಗಿ ಬೀಳುವುದಿಲ್ಲ. ಓರೆಯನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುವ ಅನುಕೂಲ ಇದರಲ್ಲಿಲ್ಲ. ಕೀಲು ಎಲ್ಲಿ ನಿಲ್ಲುತ್ತದೆಯೋ ಅಲ್ಲೇ ನಿಲ್ಲುತ್ತದೆ. ತೆಳುವಾದ ಪುಸ್ತಕವಿಟ್ಟರೆ ನಡುವಿನ ಸಂದಿಗೆ ಜಾರಿ ಮುಚ್ಚಿಕೊಳ್ಳುತ್ತದೆ. ಈ ಕಾರಣಗಳಿಂದಲೇ ಅದು ಐದು ತಿಂಗಳು ಗೋಡೆಗೆ ಒರಗಿದ್ದದ್ದು.

ಅದನ್ನು ಮತ್ತೆ ನಡುಮನೆಗೆ ತಂದದ್ದು ಅವರೆಕಾಯಿ. ಡಿಸೆಂಬರ್ ಬಂತೆಂದರೆ ನಮ್ಮ ಕಡೆಯ ಸಂತೆಗಳೆಲ್ಲ ಸೊಗಡಿನ ವಾಸನೆಯಲ್ಲಿ ಮುಳುಗುತ್ತವೆ. ಮನೆಯಲ್ಲಿ ದಿನವೂ ಕಾಯಿ ಸುಲಿಯುವುದು, ಕಾಳು ನೆನೆಹಾಕುವುದು, ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಹಿತುಕುವುದು ನಡೆದೇ ಇರುತ್ತದೆ. ಹಿತುಕಿದಬೇಳೆ ಸಾರು, ಬಿಸಿ ರಾಗಿಮುದ್ದೆ ಎಂದರೆ ಮನೆಯವರೆಲ್ಲರಿಗೂ ಆಸೆ. ಹಿತುಕುವವರು ಮಾತ್ರ ನಾನು ಮತ್ತು ಎಂಬತ್ತನಾಲ್ಕು ವರ್ಷದ ನಮ್ಮ ಅತ್ತೆ. ಎರಡೂ ಕೈಗಳು ಬೋಗುಣಿಯಲ್ಲಿರುವ ಆ ಒಂದೂವರೆ ಗಂಟೆ ಓದಿಗೆ ನಷ್ಟವಾಗುತ್ತದಲ್ಲ ಎಂದು ಪ್ರತಿ ವರ್ಷವೂ ಕೊರಗುತ್ತಿದ್ದೆ. ಈ ಬಾರಿ ಎರಡು ಮಣೆಗಳನ್ನು ಒಂದರ ಮೇಲೊಂದಿಟ್ಟು, ಅವುಗಳ ಮೇಲೆ ವ್ಯಾಸಪೀಠವನ್ನು ಬಿಚ್ಚಿ, ಗದುಗಿನ ಭಾರತದ ದಪ್ಪ ಸಂಪುಟವನ್ನು ಅದರ ಮೇಲೆ ತೆರೆದಿಟ್ಟು, ಗೋಡೆಗೆ ಬೆನ್ನು ಕೊಟ್ಟು ಕುಳಿತೆ. ಪುಸ್ತಕ ಎದೆಯ ಮಟ್ಟಕ್ಕೆ ಬಂತು. ಕುತ್ತಿಗೆ ನೆಟ್ಟಗಿತ್ತು, ಕೈಗಳು ಬಿಡುವಾಗಿದ್ದವು.

ಅಲ್ಲಿಂದ ಮುಂದಿನ ಒಂದು ತಿಂಗಳ ಸಂಜೆಗಳ ಬಗ್ಗೆ ಎಷ್ಟು ಹೇಳಿದರೂ ನನಗೆ ಕಡಿಮೆಯೇ. ನಾಲ್ಕು ಗಂಟೆಗೆ ಕಾಳಿನ ಬೋಗುಣಿ ನಡುವೆ ಬರುತ್ತಿತ್ತು. ಬಲಕ್ಕೆ ಬೇಳೆಯ ಪಾತ್ರೆ, ಎಡಕ್ಕೆ ಸಿಪ್ಪೆಯ ಮೊರ, ತೊಡೆಯ ಮೇಲೆ ಕೈ ಒರೆಸಿಕೊಳ್ಳಲು ಹಳೆಯ ಪಂಚೆಯ ತುಂಡು. ಮೊದಲ ದಿನ ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದೆ. ಹತ್ತು ನಿಮಿಷ ಸುಮ್ಮನಿದ್ದ ಅತ್ತೆ, "ಒಬ್ಬಳೇ ಓದ್ಕೊಂಡ್ರೆ ಹೆಂಗಮ್ಮಾ, ಬಾಯ್ಬಿಟ್ಟು ಓದು" ಎಂದರು. ಗಮಕ ಕಲಿತವಳಲ್ಲ ನಾನು. ತರಗತಿಯಲ್ಲಿ ಓದುತ್ತಿದ್ದ ಹಾಗೆಯೇ ಓದತೊಡಗಿದೆ. ಭಾಮಿನಿ ಷಟ್ಪದಿಯ ನಡೆ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಗಳದು. ಮೂರನೆಯ ಮತ್ತು ಆರನೆಯ ಸಾಲುಗಳು ಉಳಿದವುಗಳಿಗಿಂತ ಉದ್ದವಾಗಿ, ಕೊನೆಯಲ್ಲೊಂದು ಗುರುವಿನ ಮೇಲೆ ನಿಲ್ಲುತ್ತವೆ. ಮೂವತ್ತು ವರ್ಷ ಕರಿಹಲಗೆಯ ಮೇಲೆ ಪ್ರಸ್ತಾರ ಹಾಕಿ ಕಲಿಸಿದ ಈ ಲೆಕ್ಕ ನನ್ನ ಬೆರಳುಗಳಿಗೆ ತಿಳಿದದ್ದು ಈ ವರ್ಷವೇ: ಗಣದ ಮೊದಲಲ್ಲಿ ಒತ್ತಿದರೆ ಬೇಳೆ ಸಿಪ್ಪೆಯಿಂದ ಪಟ್ಟನೆ ಚಿಮ್ಮುತ್ತಿತ್ತು, ಆ ಗುರುವಿನ ಮೇಲೆ ಕೈಯೂ ಒಂದು ಕ್ಷಣ ನಿಲ್ಲುತ್ತಿತ್ತು. ಒಂದು ಸಂಧಿ ಮುಗಿಯುವಷ್ಟರಲ್ಲಿ ಒಂದು ಸೇರು ಕಾಳು ಖಾಲಿಯಾಗುತ್ತಿತ್ತು.

ಓದಿದ್ದು ವಿರಾಟಪರ್ವ. ಅದನ್ನು ಆರಿಸಿದವರು ಅತ್ತೆ. ಜೀವನದಿಯಿಲ್ಲದ, ಕೆರೆ ತುಂಬಿದರೆ ಮಾತ್ರ ಗದ್ದೆ ಹಸಿರಾಗುವ ಸೀಮೆ ನಮ್ಮದು. ಮಳೆ ಕೈಕೊಟ್ಟ ವರ್ಷ ವಿರಾಟಪರ್ವ ಓದಿಸುವ ವಾಡಿಕೆ ಅವರ ತವರಿನಲ್ಲಿಯೂ ಇತ್ತಂತೆ. ದೇವಸ್ಥಾನದ ಜಗುಲಿಯ ಮೇಲಿದ್ದ ವ್ಯಾಸಪೀಠ ಇದಕ್ಕಿಂತ ಎರಡರಷ್ಟು ದೊಡ್ಡದು, ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಓದಲು ಕೂರುತ್ತಿದ್ದರು, ಹೆಂಗಸರು ದೂರದಲ್ಲಿ ಕುಳಿತು ಕೇಳುತ್ತಿದ್ದರು ಎಂದು ಹೇಳುವಾಗ ಅವರ ಕೈ ಕಾಳಿನ ಮೇಲೆ ನಿಂತೇ ಬಿಟ್ಟಿತ್ತು. ಪುಸ್ತಕದ ಇಷ್ಟು ಹತ್ತಿರ ಕುಳಿತು ಕೇಳಿದ್ದು ಇದೇ ಮೊದಲು ಎಂದರು. ಭೀಮ ವಲಲನೆಂಬ ಹೆಸರಿನಲ್ಲಿ ವಿರಾಟನ ಅಡುಗೆಮನೆ ಸೇರಿದ ಭಾಗ ಅವರಿಗೆ ಬಹಳ ಹಿಡಿಸಿತು. ಕೀಚಕನ ಪ್ರಸಂಗ ಬಂದಾಗ ಇಬ್ಬರೂ ಹಿತುಕುವುದನ್ನು ಮರೆತು, ಆ ದಿನ ರಾತ್ರಿ ಸಾರಿಗೆ ಬೇಳೆ ಸಾಲದೆ ಹೋಯಿತು. "ಉತ್ತರನ ಪೌರುಷ ಒಲೆಯ ಮುಂದೆ" ಎಂದು ಮೊಮ್ಮಗನನ್ನು ಯಾವಾಗಲೂ ಗದರಿಸುವ ಅವರು, ಉತ್ತರಕುಮಾರ ರಥದಿಂದ ಹಾರಿ ಓಡುವಲ್ಲಿ ಮಾತ್ರ, "ಪಾಪ, ಮಗು ಅದು, ಕೌರವರ ಸೇನೆ ನೋಡಿದ್ರೆ ಯಾರಿಗೆ ಭಯ ಆಗಲ್ಲ" ಎಂದರು. ಆ ಪ್ರಸಂಗವನ್ನು ಎಷ್ಟೋ ಸಲ ತರಗತಿಯಲ್ಲಿ ಮಕ್ಕಳನ್ನು ನಗಿಸುತ್ತಲೇ ಪಾಠ ಮಾಡಿದ ನನಗೆ ಈ ಮಾತು ಎಂದೂ ಹೊಳೆದಿರಲಿಲ್ಲ.

ಇಷ್ಟು ಸಂತೋಷದ ನಡುವೆಯೂ ಒಂದು ಕೊರತೆ ದಿನವೂ ಕಾಡಿತು. ಪುಟ ಹಿಡಿದು ನಿಲ್ಲಿಸುವ ಏರ್ಪಾಡು ಇದರಲ್ಲಿ ಏನೇನೂ ಇಲ್ಲ. ಹತ್ತು ಪರ್ವಗಳಲ್ಲಿ ವಿರಾಟಪರ್ವ ನಾಲ್ಕನೆಯದಾದ್ದರಿಂದ ಪುಸ್ತಕದ ಎಡ ಪಾಲು ತೆಳು, ಬಲ ಪಾಲು ದಪ್ಪ. ಬಲಗಡೆಯ ಹಾಳೆಗಳು ಮೆಲ್ಲಗೆ ಎದ್ದು ಓದುತ್ತಿರುವ ಪದ್ಯವನ್ನೇ ಮುಚ್ಚುತ್ತಿದ್ದವು. ಒದ್ದೆ ಕೈಯಿಂದ ಒಮ್ಮೆ ತಡೆಯಲು ಹೋಗಿ ಮೂಡಿದ ಹಸಿರು ಬೆರಳಚ್ಚು ಈಗಲೂ ಆ ಪುಟದಲ್ಲಿದೆ, ಅದನ್ನು ಕಂಡಾಗಲೆಲ್ಲ ಮನಸ್ಸು ಚುರ್ ಎನ್ನುತ್ತದೆ. ಬಟ್ಟೆಯ ಕ್ಲಿಪ್ಪು ಹಾಕಿದರೆ ಹಾಳೆಯ ಅಂಚು ಮಡಿಯಿತು. ಕೊನೆಗೆ ಅತ್ತೆಯವರೇ ಲಂಗದ ಲಾಡಿಯೊಂದನ್ನು ಕತ್ತರಿಸಿ, ಎರಡು ಹಲಗೆಗಳಿಗೂ ಒಂದೊಂದು ಸುತ್ತು ಕಟ್ಟಿ, ಹಾಳೆಗಳನ್ನು ಅದರ ಕೆಳಗೆ ತೂರಿಸಿಟ್ಟರು. ಮೆತ್ತನೆಯ ಹತ್ತಿಯಾದ್ದರಿಂದ ಕಾಗದಕ್ಕೆ ನೋವಿಲ್ಲ, ಪುಟ ತಿರುವುವಾಗ ಸ್ವಲ್ಪ ಸರಿಸಿದರೆ ಸಾಕು. ಮಾರುವವರು ಎರಡು ತೂತು ಕೊರೆದು ಇಂಥದೊಂದು ದಾರವನ್ನು ಕೊಟ್ಟಿದ್ದರೆ ಅವರಿಗೆ ಹತ್ತು ರೂಪಾಯಿಯೂ ಖರ್ಚಾಗುತ್ತಿರಲಿಲ್ಲ. ಕಾಲುಗಳ ಕೆಳಗಿನ ಚೂಪು ಅಂಚು ರೆಡ್ ಆಕ್ಸೈಡ್ ನೆಲವನ್ನು ಗೀರಿದ್ದರಿಂದ ಹಳೆಯ ಸೈಕಲ್ ಟ್ಯೂಬಿನ ತುಂಡುಗಳನ್ನೂ ನಾವೇ ಅಂಟಿಸಿಕೊಳ್ಳಬೇಕಾಯಿತು.

ಕಾದಂಬರಿ, ಕವನ ಸಂಕಲನಗಳಂಥ ತೆಳುವಾದ ಪುಸ್ತಕಗಳನ್ನು ಓದುವವರು ಇದನ್ನು ಕೊಳ್ಳುವುದು ಬೇಡ. ನೆಲದ ಮೇಲೆ ಕೂರಲಾರದವರಿಗೂ ಇದು ಒದಗುವುದಿಲ್ಲ. ಗಟ್ಟಿ ರಟ್ಟಿನ ದೊಡ್ಡ ಸಂಪುಟ, ಎರಡು ಮಣೆ, ಕೈಗೆ ಕೆಲಸ, ಪಕ್ಕದಲ್ಲಿ ಕೇಳುವವರು ಇರುವ ಮನೆಯಾದರೆ 840 ರೂಪಾಯಿಗೆ ಹಿಂಜರಿಯದೆ ತರಿಸಿಕೊಳ್ಳಬಹುದು. ಮರ ಯಾವುದೆಂದು ಮಾತ್ರ ತಿಳಿದವರಿಂದ ನೋಡಿಸಿ.

ಸಂಕ್ರಾಂತಿ ಕಳೆದು ಅವರೆಯ ಸೊಗಡು ಇಳಿಯುತ್ತಾ ಬಂದಿದೆ. ಇನ್ನು ಹುಣಸೆಹಣ್ಣು ಬಡಿದು, ನಾರು ಬೀಜ ಬಿಡಿಸುವ ಕೆಲಸ ಶುರುವಾಗುತ್ತದೆ. ಅದಕ್ಕೆ ಉದ್ಯೋಗಪರ್ವವನ್ನು ಇಟ್ಟುಕೊಂಡಿದ್ದೇವೆ. ಹುಣಸೆಯ ಅಂಟು ಅವರೆಯ ನೀರಿನಂತಲ್ಲ, ಒರೆಸಿದರೂ ಹೋಗುವುದಿಲ್ಲ. ಪುಟ ತಿರುವಲು ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದೆಂದು ಅತ್ತೆ ಆಗಲೇ ತೀರ್ಮಾನಿಸಿದ್ದಾರೆ.