ಬೆಕ್ಕು ಪರಚುವ ಕತ್ತಾಳೆ ಹಗ್ಗದ ಕಂಬ: ಕೆಲವು ವರ್ಷ ಬಳಸಿದ ಮೇಲೆ

ಬೆಕ್ಕು ಸಾಕಿದರೆ ಸೋಫಾ ಹಾಳಾಗುವುದೇ ಎಂದು ತುಂಬಾ ಜನ ಮೊದಲೇ ಒಪ್ಪಿಕೊಂಡುಬಿಡುತ್ತಾರೆ. ಹಾಗೇನೂ ಇಲ್ಲ. ನಮ್ಮ ಬೆಕ್ಕು ಬೆಳ್ಳಿಗೆ ತಂದ ಕತ್ತಾಳೆ ಹಗ್ಗದ ಕಂಬ ಕೆಲವು ವರ್ಷಗಳಿಂದ ಹಾಲ್‌ನಲ್ಲಿ ನಿಂತಿದೆ. ಸೋಫಾ ಚೆನ್ನಾಗಿಯೇ ಇದೆ.

ಪರಚುವುದು ಬೆಕ್ಕಿನ ಕೆಟ್ಟ ಚಾಳಿ ಅಲ್ಲ. ಪರಚಿದಾಗ ಉಗುರಿನ ಹಳೆಯ ಹೊರಪದರ ಕಳಚಿ ಬೀಳುತ್ತದೆ. ಮಲಗಿ ಎದ್ದ ಮೈಗೆ ಒಳ್ಳೆಯ ಎಳೆತ ಸಿಗುತ್ತದೆ. ಪಾದದಲ್ಲಿರುವ ಗ್ರಂಥಿಗಳಿಂದ ವಾಸನೆ ಅಂಟಿ, ಅದು ತನ್ನ ಜಾಗ ಎಂದು ಗುರುತಾಗುತ್ತದೆ. ಇದನ್ನು ಬಿಡಿಸಲು ಆಗುವುದಿಲ್ಲ, ಬಿಡಿಸಲೂಬಾರದು. ಎಲ್ಲಿ ಪರಚಬೇಕು ಎಂದು ಕಲಿಸಬಹುದು, ಅಷ್ಟೇ. ಕಂಬದ ಬುಡದಲ್ಲಿ ಉಗುರಿನ ಆಕಾರದ ತೆಳು ಸಿಪ್ಪೆಗಳು ಸಿಕ್ಕರೆ ಗಾಬರಿ ಬೇಡ. ಅದು ಕಳಚಿದ ಆ ಹೊರಪದರ.

ಕೊಳ್ಳುವಾಗ ಬಣ್ಣ, ತೂಗುವ ಚೆಂಡು ಇವೆಲ್ಲ ನೋಡಬೇಡಿ. ಎತ್ತರ ಮತ್ತು ಭಾರ ನೋಡಿ. ನಮ್ಮದು ಸುಮಾರು 90 ಸೆಂ.ಮೀ. ಇದೆ. ಬೆಳೆದ ಬೆಕ್ಕು ಹಿಂಗಾಲ ಮೇಲೆ ನಿಂತು ಮುಂಗಾಲು ಪೂರ್ತಿ ಚಾಚಲು ಅಷ್ಟು ಬೇಕು. ಅಂಗಡಿಗಳಲ್ಲಿ ಜಾಸ್ತಿ ಕಾಣುವ ಗಿಡ್ಡ ಕಂಬಗಳು ಮರಿಗಳಿಗೆ ಮಾತ್ರ ಸರಿ. ಬುಡದ ಹಲಗೆ ಅಗಲವಾಗಿ, ಭಾರವಾಗಿ ಇರಬೇಕು. ಎಳೆದಾಗ ಕಂಬ ವಾಲಿದರೆ ಬೆಕ್ಕಿಗೆ ಅದರ ಮೇಲೆ ನಂಬಿಕೆಯೇ ಹೋಗುತ್ತದೆ. ನಮ್ಮದರ ಸ್ಕ್ರೂ ಆಗಾಗ ಸಡಿಲವಾಗುತ್ತದೆ. ಬಿಗಿ ಮಾಡುತ್ತಿರಬೇಕು.

ಇನ್ನು ಕಲಿಸುವುದು. ನೋಡಲು ಚೆನ್ನಾಗಿಲ್ಲ ಅಂತ ಕಂಬವನ್ನು ಮೂಲೆಗೆ ತಳ್ಳಿದರೆ ದುಡ್ಡು ದಂಡ. ಬೆಕ್ಕು ಈಗಾಗಲೇ ಎಲ್ಲಿ ಪರಚುತ್ತಿದೆಯೋ ಅಲ್ಲೇ, ಸೋಫಾದ ಕೈಗೆ ತಾಗಿಸಿ ಇಡಬೇಕು. ಸೋಫಾದ ಆ ಭಾಗಕ್ಕೆ ಎರಡೂ ಕಡೆ ಅಂಟುವ ಟೇಪ್ ಹಚ್ಚಿ. ಕಾಲಿಗೆ ಅಂಟುವುದು ಬೆಕ್ಕಿಗೆ ಹಿಡಿಸುವುದಿಲ್ಲ. ಉಗುರು ಹಗ್ಗಕ್ಕೆ ತಾಗಿದ ತಕ್ಷಣ, ಒಂದೆರಡು ಸೆಕೆಂಡಿನೊಳಗೆ, ಒಂದು ಚೂರು ಇಷ್ಟದ ತಿಂಡಿ ಕೊಡಿ. ತಡವಾದರೆ ಯಾವುದಕ್ಕೆ ಸಿಕ್ಕಿತು ಎಂದು ಅದಕ್ಕೆ ತಿಳಿಯುವುದಿಲ್ಲ. ಅದರ ಪಾದ ಹಿಡಿದು ಕಂಬಕ್ಕೆ ಉಜ್ಜಬೇಡಿ. ಗದರಬೇಡಿ, ನೀರು ಚಿಮುಕಿಸಬೇಡಿ. ಗದರಿದರೆ ನೀವು ಇಲ್ಲದಾಗ ಪರಚಬೇಕು ಎನ್ನುವುದನ್ನಷ್ಟೇ ಅದು ಕಲಿಯುತ್ತದೆ. ಅಭ್ಯಾಸ ಗಟ್ಟಿಯಾದ ಮೇಲೆ ಕಂಬವನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಪಕ್ಕಕ್ಕೆ ಸರಿಸಬಹುದು. ನಾವು ಹಾಗೆಯೇ ಕಿಟಕಿಯ ಹತ್ತಿರಕ್ಕೆ ತಂದೆವು. ಬೆಳ್ಳಿ ಮಲಗುವುದು ಅಲ್ಲೇ, ಎದ್ದ ಕೂಡಲೇ ಅವಳಿಗೆ ಕಂಬ ಬೇಕು.

ಕಂಬದ ಜೊತೆ ಬಂದ ಕ್ಯಾಟ್ನಿಪ್ (ವಾಸನೆಯಿಂದ ಬೆಕ್ಕನ್ನು ಸೆಳೆಯುವ ಒಂದು ಗಿಡ) ಪುಡಿಯನ್ನು ಜಾಸ್ತಿ ನೆಚ್ಚಿಕೊಳ್ಳಬೇಡಿ. ಪುಟ್ಟ ಮರಿಗಳಿಗೆ ಅದು ಹತ್ತುವುದಿಲ್ಲ. ಬೆಳೆದ ಬೆಕ್ಕುಗಳಲ್ಲೂ ಎಷ್ಟೋ ಬೆಕ್ಕುಗಳಿಗೆ ಹುಟ್ಟಿನಿಂದಲೇ ಅದರ ಮೋಹ ಇರುವುದಿಲ್ಲ.

ಕೊರತೆಗಳೂ ಇವೆ. ಹಗ್ಗದ ನಾರು ದಿನವೂ ಉದುರುತ್ತದೆ, ಗುಡಿಸಬೇಕು. ಬುಡಕ್ಕೆ ಅಂಟಿಸಿದ್ದ ಬಟ್ಟೆ ಬೇಗ ಕಿತ್ತುಬಂತು. ಕಂಬ ಬಂತೆಂದು ಉಗುರು ಕತ್ತರಿಸುವುದು ತಪ್ಪುವುದಿಲ್ಲ, ಎರಡು ಮೂರು ವಾರಕ್ಕೊಮ್ಮೆ ತುದಿ ಕತ್ತರಿಸಲೇಬೇಕು. ಆದರೆ ಉಗುರನ್ನೇ ತೆಗೆಸುವ ಮಾತು ಯಾರಾದರೂ ಎತ್ತಿದರೆ ದಯವಿಟ್ಟು ಒಪ್ಪಬೇಡಿ. ಅದರಲ್ಲಿ ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸುತ್ತಾರೆ. ಅಮೆರಿಕದಲ್ಲಿ ಬೆಕ್ಕು ಸಾಕುವ ನಮ್ಮವರು ಈ ಸಲಹೆ ಕೇಳಿರಬಹುದು. ಅಲ್ಲಿನ ನ್ಯೂಯಾರ್ಕ್ ರಾಜ್ಯ 2019ರಲ್ಲೇ ಇದನ್ನು ನಿಷೇಧಿಸಿದೆ. ಒಂದು ಕಂಬದಿಂದ ಮುಗಿಯುವ ಕೆಲಸಕ್ಕೆ ಆ ಹಿಂಸೆ ಯಾಕೆ, ಅಲ್ವಾ?

ಹಗ್ಗ ಸವೆದರೆ ಹೊಸ ಕಂಬ ಕೊಳ್ಳಬೇಕಾಗಿಲ್ಲ. ಹೊಲದ ಬದುವಿನಲ್ಲಿ ಬೆಳೆಯುವ ಕತ್ತಾಳೆಯ ಜಾತಿಯದೇ ನಾರು ಇದು, ಹಗ್ಗದ ಅಂಗಡಿಯಲ್ಲಿ ಕೇಳಿ. ನೈಲಾನ್ ಬೇಡ. ಸೆಣಬು ಮೆತ್ತಗೆ, ಬೇಗ ಸವೆಯುತ್ತದೆ. ಸಂದು ಬಿಡದಂತೆ ಬಿಗಿಯಾಗಿ ಸುತ್ತಿ, ಮೊಳೆಯ ತುದಿ ಹೊರಗೆ ಕಾಣದಂತೆ ನೋಡಿಕೊಳ್ಳಿ. ಹಳೆಯ ಹಗ್ಗವನ್ನು ಪೂರ್ತಿ ಬಿಚ್ಚಬೇಡಿ. ಕೆಳಗಿನ ಒಂದಷ್ಟು ಸುತ್ತು ಹಾಗೇ ಇರಲಿ. ಅದರಲ್ಲಿ ಬೆಕ್ಕಿನ ವಾಸನೆ ಇರುತ್ತದೆ, ಹೊಸ ಹಗ್ಗಕ್ಕೆ ಅದು ಬೇಗ ಹೊಂದಿಕೊಳ್ಳುತ್ತದೆ.