ಝೆರಾಕ್ಸ್ ಅಂಗಡಿಯಲ್ಲಿ ಉಳಿದುಹೋದ ನನ್ನ ಆಧಾರ್

ಬೆಂಗಳೂರಿನ ಠಾಣೆಯೊಂದರಿಂದ ಕರೆ ಬಂದಾಗ ಎರಡು ಸಲ ಕತ್ತರಿಸಿದೆ. ‘ಡಿಜಿಟಲ್ ಅರೆಸ್ಟ್’ ವಂಚಕರ ಸುದ್ದಿ ಓದಿ ಓದಿ ಪೊಲೀಸರೆಂದರೂ ನಂಬಿಕೆ ಬರುವುದಿಲ್ಲ. ಮರುದಿನ ನಮ್ಮ ಸಿಂಧನೂರಿನ ಕಾನ್‌ಸ್ಟೆಬಲ್ ಮನೆ ಬಾಗಿಲಿಗೆ ಬಂದು ನಿಂತಾಗ ಎದೆ ಝಲ್ಲೆಂದಿತು.

ಅಕ್ರಮ ವಲಸಿಗರ ತಪಾಸಣೆಯಲ್ಲಿ ಸಿಕ್ಕವನೊಬ್ಬನ ಬಳಿ ನನ್ನ ಆಧಾರ್ ಇತ್ತಂತೆ. ಹೆಸರು, ಸಂಖ್ಯೆ, ವಿಳಾಸ ನನ್ನವು, ಫೋಟೊ ಅವನದು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ನನ್ನ ಮುಖ ಬಂದು ಗುಟ್ಟು ರಟ್ಟಾಯಿತು. ಆದರೂ ಕಾರ್ಡನ್ನು ನಾನೇ ಮಾರಿಕೊಂಡಿಲ್ಲ ಎಂದು ನಂಬಿಸಲು, ಭತ್ತದ ಕೊಯ್ಲು ಬಿಟ್ಟು ಎರಡು ಸಲ ರಾತ್ರಿ ಬಸ್ಸು ಹತ್ತಬೇಕಾಯಿತು. ಶಾಲೆಯ ವರ್ಗಾವಣೆ ಪತ್ರ, ಪಹಣಿ, ಅಪ್ಪನ ಮತದಾರರ ಚೀಟಿ ಎಲ್ಲವನ್ನೂ ಹೊತ್ತು ಹೋದೆ. ಆಧಾರ್ ಪೌರತ್ವಕ್ಕೆ ಪುರಾವೆಯಲ್ಲ ಎಂದು 2016ರ ಆಧಾರ್ ಕಾಯ್ದೆಯಲ್ಲೇ ಇದೆ ಎಂಬುದು ನನಗೆ ತಿಳಿದದ್ದು ಆಗಲೇ. ವಿದೇಶಿಯನೆಂಬ ಪ್ರಶ್ನೆ ಎದ್ದರೆ, ಅಲ್ಲವೆಂದು ತೋರಿಸುವ ಹೊಣೆಯೂ ಆ ಮನುಷ್ಯನದೇ. 1946ರ ವಿದೇಶಿಯರ ಕಾಯ್ದೆಯಲ್ಲಿದ್ದ ಈ ನಿಯಮ, ಅದರ ಬದಲಿಗೆ ಬಂದ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲೂ ಉಳಿದಿದೆ.

ನನ್ನನ್ನು ಯಾರೂ ವಿದೇಶಿಯನೆನ್ನಲಿಲ್ಲ, ನಿಜ. ನಮ್ಮ ತಾಲ್ಲೂಕಿನ ಆರ್‌ಎಚ್ (ಪುನರ್ವಸತಿ) ಕ್ಯಾಂಪಿನ ಬಂಗಾಳಿ ಗೆಳೆಯನ ಕಾರ್ಡ್ ಹೀಗೆ ಕಳುವಾಗಿದ್ದರೆ? ಪೂರ್ವ ಪಾಕಿಸ್ತಾನದಿಂದ ಬಂದ ಅವನ ಹಿರಿಯರನ್ನು ಸರ್ಕಾರವೇ ಇಲ್ಲಿ ನೆಲೆಗೊಳಿಸಿತ್ತು. ಆದರೂ ಅವನ ಮಾತಿನ ಧಾಟಿ ಕೇಳಿದೊಡನೆ ಪ್ರಶ್ನೆಗಳ ಧಾಟಿಯೇ ಬದಲಾಗುತ್ತಿತ್ತು.

ಸೋರಿದ್ದು ಎಲ್ಲಿಂದ? ಆ ಕಾರ್ಡಿನಲ್ಲಿದ್ದದ್ದು ಹೊಸ ಮನೆಯ ವಿಳಾಸ. ವಿಳಾಸ ಬದಲಾದ ಮೇಲೆ ಪ್ರತಿ ಕೊಟ್ಟದ್ದು ಒಂದೇ ಕಡೆ: ಬೆಳೆ ವಿಮೆಗೆಂದು ಝೆರಾಕ್ಸ್ ಅಂಗಡಿಯವನಿಗೆ, ವಾಟ್ಸಾಪ್‌ನಲ್ಲಿ. ಅವನೇ ಮಾರಿದ ಎನ್ನಲು ನನ್ನಲ್ಲಿ ಸಾಕ್ಷಿಯಿಲ್ಲ.

ಈಗ ನಾನು ಕೊಡುವುದು ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಆಧಾರ್. ಕೆಲವು ಕಚೇರಿಗಳಲ್ಲಿ ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಪೂರ್ಣ ಪ್ರತಿ ಕೊಡಲೇಬೇಕಾದರೆ ಯಾವ ಕೆಲಸಕ್ಕೆ, ಯಾವ ದಿನ ಎಂದು ಅಡ್ಡಲಾಗಿ ಬರೆದು ಸಹಿ ಹಾಕುತ್ತೇನೆ. ಬೆರಳಚ್ಚಿಗೆ ಬಯೋಮೆಟ್ರಿಕ್ ಲಾಕ್ ಹಾಕಿದ್ದೇನೆ. ಪಡಿತರದ ದಿನ ತೆಗೆಯುವುದು ರಗಳೆಯೇ. ನಮ್ಮ ಹೆಸರಿನಲ್ಲಿರುವ ಸಿಮ್‌ಗಳನ್ನು ತೋರಿಸುವ ಸರ್ಕಾರಿ ಜಾಲತಾಣ ಸಂಚಾರ್ ಸಾಥಿಯಲ್ಲಿ ನೋಡಿದರೆ ನನ್ನ ಹೆಸರಿನಲ್ಲಿ ನನ್ನದಲ್ಲದ ಎರಡು ಸಿಮ್ ಇದ್ದವು. ‘ನನ್ನದಲ್ಲ’ ಎಂದು ಅಲ್ಲಿಯೇ ದೂರು ಕೊಟ್ಟೆ. ಆಧಾರ್ ಸಹಾಯವಾಣಿ 1947.

ಕಳೆದ ವಾರ ಆ ಅಂಗಡಿಗೆ ಹೋದೆ. ಕಂಪ್ಯೂಟರ್ ತೆರೆಯ ತುಂಬ ಊರಿನವರ ಹೆಸರುಗಳ ಕಡತಗಳು. “ನಿಮ್ಮದು ಆಗಲೇ ಅಳಿಸಿದ್ದೇನೆ ಅಣ್ಣಾ” ಎಂದ. ರೀಸೈಕಲ್ ಬಿನ್ ತೆರೆಯಲು ಹೇಳಿದೆ. ನನ್ನ ಆಧಾರ್ ಅಲ್ಲಿ ಮೂರು ಪ್ರತಿ ಇತ್ತು, ಪಕ್ಕದಲ್ಲಿಯೇ ನನ್ನ ತಮ್ಮನದೂ.